ವಿಮಾನದ ಯೋಕ್ ಮಾತು ಕೇಳದಿದ್ದರೆ, ಮೊದಲು ಮೇಲೆಯೇ ಒಮ್ಮೆ ಇಳಿದು ನೋಡಿ

ಸಿಮ್ಯುಲೇಟರ್‌ನ ಹಿಂದಿನ ಸೀಟಿನಲ್ಲಿ ಕೂತು ಪೈಲಟ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಕಂಟ್ರೋಲ್ ಕೆಟ್ಟ ಪುಟ್ಟ ಜೆಟ್ಟನ್ನು ಹತ್ತು ನಿಮಿಷ ಚೆನ್ನಾಗಿಯೇ ಹಾರಿಸಿರುತ್ತಾರೆ. ರನ್‌ವೇ ಕಂಡ ಕೂಡಲೇ ಕೈ ತನ್ನಷ್ಟಕ್ಕೆ ಫ್ಲಾಪ್ (ನಿಧಾನ ವೇಗದಲ್ಲೂ ತೇಲಲು ರೆಕ್ಕೆಯ ಹಿಂದೆ ಇಳಿಸುವ ಪಟ್ಟಿ) ಲಿವರ್‌ಗೆ ಹೋಗುತ್ತದೆ. ಕೊನೆಯ 300 ಅಡಿಯಲ್ಲಿ ವಿಮಾನ ಮಗುಚುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿ ಈ ಬರಹ. ನಿಮ್ಮ ವಿಮಾನದ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಕೇಳಿ, ನನ್ನನ್ನಲ್ಲ.

ಶುರು ನೆಲದ ಮೇಲೆ. ಹೊರಡುವ ಮುನ್ನ ಯೋಕನ್ನು, ಅಂದರೆ ಪೈಲಟ್ ಕೈಯಲ್ಲಿ ಹಿಡಿಯುವ ಚುಕ್ಕಾಣಿಯನ್ನು, ನಾಲ್ಕೂ ಕಡೆ ಕೊನೆಯವರೆಗೆ ಆಡಿಸಿ, ಪೆಡಲ್ ತುಳಿದು ನೋಡಿ. 2014ರ ಮೇ 31ರಂದು ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ ಜೆಟ್ ಕಂಟ್ರೋಲ್ ಲಾಕ್ (ನಿಂತಿರುವಾಗ ಗಾಳಿಗೆ ಕಂಟ್ರೋಲ್‌ಗಳು ಆಡದಂತೆ ಹಾಕುವ ಬೀಗ) ತೆಗೆಯದೆಯೇ ರನ್‌ವೇ ಮೇಲೆ ಓಡಿತು. ಏಳೂ ಜನ ಸತ್ತರು. ಆ ಪೈಲಟ್‌ಗಳು ಹಿಂದಿನ 175 ಟೇಕಾಫ್‌ಗಳಲ್ಲಿ ಶೇ 98ರಷ್ಟು ಸಲ ಈ ಪರೀಕ್ಷೆಯನ್ನು ಪೂರ್ತಿ ಮಾಡಿರಲಿಲ್ಲ ಎಂದು ತನಿಖೆ ಹೇಳಿತು.

ಗಾಳಿಯಲ್ಲಿ ತೊಂದರೆ ಬಂದರೆ ಮೊದಲು ಯೋಕ್ ಗಟ್ಟಿಯಾಗಿ ಹಿಡಿಯಿರಿ. ಏನಾಯಿತು ಅನ್ನುವುದು ಆಮೇಲೆ. ಟ್ರಿಮ್ (ಯೋಕ್ ಒತ್ತಿ ಹಿಡಿಯದೆಯೇ ಮೂತಿಯನ್ನು ಒಂದೇ ಮಟ್ಟದಲ್ಲಿ ಇಡುವ ವ್ಯವಸ್ಥೆ) ತಾನೇ ಓಡುತ್ತಿದೆಯೇ? ಆಟೋಪೈಲಟ್ ಮತ್ತು ಟ್ರಿಮ್ ಕಡಿತದ ಕೆಂಪು ಗುಂಡಿ ಒತ್ತಿ, ಒತ್ತಿಯೇ ಇಟ್ಟುಕೊಳ್ಳಿ. ಮೂತಿ ಕೆಳಗೆ ಹೋಗುತ್ತಿದ್ದರೆ ಥ್ರಸ್ಟ್, ಅಂದರೆ ಎಂಜಿನ್ ಶಕ್ತಿ, ತಗ್ಗಿಸಿ. ಆಮೇಲೆ ಟ್ರಿಮ್‌ನ ಸರ್ಕ್ಯೂಟ್ ಬ್ರೇಕರ್ (ವಿದ್ಯುತ್ ಕಡಿಯುವ ಗುಂಡಿ) ಎಳೆಯಿರಿ. ವೇಗ ಏರಿದಷ್ಟೂ ಯೋಕ್ ಭಾರವಾಗುತ್ತದೆ, ತಡಮಾಡಿದರೆ ಎರಡು ಕೈಗೂ ಬಗ್ಗುವುದಿಲ್ಲ. ಮನೆಯ ಕಂಪ್ಯೂಟರ್‌ಗೆ ಸಿಕ್ಕಿಸುವ ಸ್ಪ್ರಿಂಗ್ ಯೋಕ್‌ಗಳಲ್ಲಿ ಈ ಭಾರ ಗೊತ್ತೇ ಆಗುವುದಿಲ್ಲ. ಅದರಲ್ಲಿ ಅಭ್ಯಾಸ ಮಾಡಿ ಬಂದವರು ಎರಡು ಬೆರಳಲ್ಲಿ ಯೋಕ್ ಹಿಡಿದಿರುತ್ತಾರೆ.

ವಿಮಾನ ಹಿಡಿತಕ್ಕೆ ಬಂತಾ? ಚೆಕ್‌ಲಿಸ್ಟ್ ಮುಗಿಸಿ, ಆಮೇಲೆ ಕೈ ಕಟ್ಟಿಕೊಳ್ಳಿ. ಕೆಟ್ಟಿದ್ದನ್ನು ಮತ್ತೆ ಮತ್ತೆ ಕೆಣಕಬೇಡಿ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್ 261 ವಿಮಾನದಲ್ಲಿ ಬಾಲದ ಅಡ್ಡರೆಕ್ಕೆ, ಅಂದರೆ ಸ್ಟೆಬಿಲೈಸರ್, ಸಿಕ್ಕಿಹಾಕಿಕೊಂಡಿತ್ತು. ಅದನ್ನು ಬಿಡಿಸಲು ನೋಡುವಾಗಲೇ ಸವೆದಿದ್ದ ನಟ್‌ನಿಂದ ಸ್ಕ್ರೂ ಜಾರಿ ವಿಮಾನ ಮೂತಿ ಕೆಳಗಾಗಿ ಧುಮುಕಿತು. ಒಮ್ಮೆ ಹೇಗೋ ಹಿಡಿತಕ್ಕೆ ತಂದರು. ಸುಮಾರು ಹತ್ತು ನಿಮಿಷದ ನಂತರ ಅದು ಸಮುದ್ರಕ್ಕೆ ಬಿತ್ತು. 88 ಜನ ಹೋದರು.

ರೇಡಿಯೋದಲ್ಲಿ ಮೂರು ಸಲ ಮೇಡೇ ಎಂಬ ಅಪಾಯದ ಕರೆ ಹೇಳಿ, ರಾಡಾರ್‌ಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಸಂಖ್ಯೆ 7700 ಹಾಕಿ. ನಾಚಿಕೆ ಬೇಡ.

ಈಗ ಮುಖ್ಯ ಕೆಲಸ. ನೆಲದಿಂದ ಕನಿಷ್ಠ 10,000 ಅಡಿ ಎತ್ತರದಲ್ಲಿ, ಮೋಡವಿಲ್ಲದ ಕಡೆ, ಇಳಿಯುವುದನ್ನು ಒಮ್ಮೆ ಮಾಡಿ ನೋಡಬೇಕು. ಎಲ್ಲರಿಗೂ ಬೆಲ್ಟ್ ಹಾಕಿಸಿ. ಮೊದಲು ಗೇರ್, ಅಂದರೆ ಚಕ್ರ, ಇಳಿಸಿ. ಫ್ಲಾಪ್ ಮೇಲೇ ಅನುಮಾನವಿದ್ದರೆ ಅದನ್ನು ಮುಟ್ಟಲೇಬೇಡಿ. ಇಲ್ಲದಿದ್ದರೆ ಒಂದೇ ಹಂತ ಇಳಿಸಿ, ಲಿವರ್ ಮೇಲಿನ ಕೈ ತೆಗೆಯಬೇಡಿ. ವಿಮಾನ ಒಂದು ಕಡೆ ವಾಲಿತೋ, ತಕ್ಷಣ ಹಿಂದಿನ ಹಂತಕ್ಕೆ ತನ್ನಿ. ಪೂರ್ತಿ ಫ್ಲಾಪ್ ನಾನಂತೂ ಯಾರಿಗೂ ಹೇಳುವುದಿಲ್ಲ.

ಆಮೇಲೆ ಐದೈದು ನಾಟ್ ವೇಗ ಇಳಿಸುತ್ತಾ ಬನ್ನಿ. ಪ್ರತಿ ಸಲ ವಿಮಾನ ನೆಲೆಗೊಳ್ಳಲಿ. ಎಡಕ್ಕೆ, ಬಲಕ್ಕೆ ಹದಿನೈದು ಡಿಗ್ರಿ ತಿರುಗಿಸಿ, ಮೂತಿ ಸ್ವಲ್ಪ ಎತ್ತಿ ಇಳಿಸಿ. ಎಲ್ಲರೂ ವೇಗದ ಮುಳ್ಳು ನೋಡುತ್ತಾರೆ. ನೀವು ನಿಮ್ಮ ಕೈ ನೋಡಿ. ರೆಕ್ಕೆ ಸಮ ಇಡಲು ಯೋಕ್ ಎಷ್ಟು ತಿರುಗಿಸಬೇಕಾಗಿದೆ? ಮುಕ್ಕಾಲು ಭಾಗ ಖರ್ಚಾಗಿದ್ದರೆ ಅಲ್ಲೇ ನಿಲ್ಲಿಸಿ. ಆ ವೇಗಕ್ಕೆ ಹತ್ತು ನಾಟ್ ಸೇರಿಸಿ ಕಾಗದದ ಮೇಲೆ ಬರೆದುಕೊಳ್ಳಿ. ಕಾಗದದ ಮೇಲೆಯೇ, ಯಾಕೆಂದರೆ ಒತ್ತಡದಲ್ಲಿ ತಲೆಯೊಳಗಿನ ಅಂಕಿ ಜಾರುತ್ತದೆ. ಯೋಕ್ ಸಲೀಸಾಗಿದ್ದರೂ ಮಾಮೂಲಿ ಲ್ಯಾಂಡಿಂಗ್ ವೇಗಕ್ಕಿಂತ ಕೆಳಗೆ ಹೋಗಬೇಡಿ.

ಇದೇ ಪರೀಕ್ಷೆಯಲ್ಲಿ ಥ್ರಸ್ಟ್ ಏರಿಸಿಯೂ ನೋಡಿ. ದೊಡ್ಡ ವಿಮಾನಗಳಲ್ಲಿ ಎಂಜಿನ್ ರೆಕ್ಕೆ ಕೆಳಗೆ, ಶಕ್ತಿ ಕೊಟ್ಟರೆ ಮೂತಿ ಮೇಲೇಳುತ್ತದೆ. ಪುಟ್ಟ ಜೆಟ್‌ನಲ್ಲಿ ಸಾಮಾನ್ಯವಾಗಿ ಎಂಜಿನ್ ಹಿಂದೆ, ಎತ್ತರದಲ್ಲಿ. ಶಕ್ತಿ ಕೊಟ್ಟರೆ ಮೂತಿ ಮೊದಲು ಕೆಳಗೆ ಒತ್ತುತ್ತದೆ. ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಬಿಗಿದುಕೊಂಡಿದ್ದರೆ ಇನ್ನೊಂದು ತಮಾಷೆ ಉಂಟು. ಟ್ರಿಮ್ ಅನ್ನುವುದು ಎಲಿವೇಟರ್ ಅಂಚಿನ ಪುಟ್ಟ ಪಟ್ಟಿಯಾಗಿದ್ದರೆ, ಆ ಪಟ್ಟಿಯೇ ಮರಿ ಎಲಿವೇಟರ್‌ನಂತೆ ಕೆಲಸ ಮಾಡುತ್ತದೆ, ಅದೂ ಉಲ್ಟಾ. ಮೂತಿ ಮೇಲೆ ಅಂದರೆ ಕೆಳಗೆ! ಇದು ಮೇಲೇ ಗೊತ್ತಾಗಬೇಕು, ರನ್‌ವೇ ಹತ್ತಿರ ಅಲ್ಲ.

ಪರೀಕ್ಷೆ ಮುಗಿದ ಮೇಲೆ ಗೇರ್, ಫ್ಲಾಪ್ ಏನನ್ನೂ ಬದಲಿಸಬೇಡಿ. ಕೆಲವರು ಇಂಧನ ಉಳಿಸಲು ಗೇರ್ ಎತ್ತಿಬಿಡುತ್ತಾರೆ. ಸುಮ್ನೆ ಇರಿ. ಇಂಧನ ಕಡಿಮೆಯಿದ್ದರೆ ಪರೀಕ್ಷೆಯನ್ನೇ ರನ್‌ವೇಗೆ ಹತ್ತಿರದ ಆಕಾಶದಲ್ಲಿ ಮಾಡಬೇಕಿತ್ತು.

ಹತ್ತಿರದ ರನ್‌ವೇಗಿಂತ ಉದ್ದದ್ದು, ಅಡ್ಡಗಾಳಿ ಕಡಿಮೆ ಇರುವುದು ಬೇಕು. ಮಾಮೂಲಿ ವೇಗ 110 ನಾಟ್, ನೀವು ಬರೆದುಕೊಂಡದ್ದು 135 ಅಂತಿಟ್ಟುಕೊಳ್ಳಿ. 25 ನಾಟ್ ತಾನೇ ಅನಿಸುತ್ತದೆ, ಆದರೆ ಬ್ರೇಕ್ ಹೀರಬೇಕಾದ ಶಕ್ತಿ ಒಂದೂವರೆ ಪಟ್ಟು. ದೂರದಿಂದಲೇ ನೇರವಾಗಿ ಬನ್ನಿ, ತಿರುವು ಬೇಡ, ಆಟೋಪೈಲಟ್ ಬೇಡ. ಮೆತ್ತಗೆ ಇಳಿಸುವ ಆಸೆಯೂ ಬೇಡ.

ನಿಂತ ಮೇಲೆ ಫ್ಲಾಪ್ ಎತ್ತಬೇಡಿ, ಎಳೆದ ಬ್ರೇಕರ್ ಒಳಗೆ ತಳ್ಳಬೇಡಿ. ಎಂಜಿನಿಯರ್ ಬಂದು ಇದ್ದದ್ದನ್ನು ಇದ್ದ ಹಾಗೇ ನೋಡಲಿ.