ಚೀಟಿಯಲ್ಲಿ ಬರೆದ ಒಂದು ಪದ

ಕೊಡಗಿನಲ್ಲಿ ಹೆಸರಿನ ಜೊತೆ ಮನೆತನವೂ ಬರುತ್ತದೆ. ಓಪಿಡಿಯಲ್ಲಿ ಒಬ್ಬರನ್ನು ಕೂಗಿದರೆ ಸಾಕು, ಯಾವ ಊರು, ಯಾರ ಮನೆ ಅಂತ ಬೆಂಚಿನಲ್ಲಿ ಕೂತವರಿಗೆಲ್ಲ ಗೊತ್ತಾಗುತ್ತದೆ. ಲೈಂಗಿಕ ಸೋಂಕುಗಳ ಕೆಲಸಕ್ಕೆ ಬಂದ ಹೊಸದರಲ್ಲಿ ನನಗೆ ಇದು ಹೊಳೆದಿರಲಿಲ್ಲ.

ಮೊದಲ ವರ್ಷವೇ ಒಂದು ತಪ್ಪು ಮಾಡಿದೆ. ಕಾಫಿ ತೋಟದ ಕೂಲಿಯವರ ಲೈನ್ ಮನೆಯಿಂದ ಐದು ತಿಂಗಳ ಬಸುರಿಯೊಬ್ಬರು ಬಂದಿದ್ದರು. ರಕ್ತದಲ್ಲಿ ಸಿಫಿಲಿಸ್ ಇತ್ತು. ಹೊಟ್ಟೆಯಲ್ಲಿರುವ ಮಗುವಿಗೂ ಸೋಂಕು ದಾಟಬಹುದು. ಅದನ್ನು ತಡೆಯಲು ನಂಬಬಹುದಾದ ಮದ್ದು ಪೆನಿಸಿಲಿನ್ ಒಂದೇ. ಎಷ್ಟು ದಿನದ ಸೋಂಕು ಅಂತ ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು ಸಲ, ಪ್ರತಿ ಸಲ 24 ಲಕ್ಷ ಯೂನಿಟ್, ಎರಡೂ ಕುಂಡೆಗೆ ಅರ್ಧರ್ಧ. ಗಟ್ಟಿ ಮದ್ದು, ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ತುಂಬಾ ನೋವು. ಅವರು ಸೆರಗು ಕಚ್ಚಿಕೊಂಡು ಮೊದಲನೇದನ್ನು ತಗೊಂಡರು. ನಾನು ಚೀಟಿಯಲ್ಲಿ ರೋಗದ ಹೆಸರನ್ನು ದಪ್ಪಗೆ ಬರೆದುಕೊಟ್ಟೆ.

ಕ್ಯಾಲ್ಸಿಯಂ ಮಾತ್ರೆಗೆಂದು ಅವರು ಮೆಡಿಕಲ್ ಶಾಪಿಗೆ ಹೋದಾಗ ಅಲ್ಲಿದ್ದವರು ಅದನ್ನು ಗಟ್ಟಿಯಾಗಿ ಓದಿದರಂತೆ. ಸಂಜೆಯೊಳಗೆ ಲೈನಿಗೆಲ್ಲ ಸುದ್ದಿ. ಗಂಡ ಹೆಂಡತಿ ಇಬ್ಬರೂ ರಾತ್ರೋರಾತ್ರಿ ತೋಟ ಬಿಟ್ಟರು.

ಮೂರು ವಾರದ ಮೇಲೆ ನಮ್ಮ ಆಶಾ ಅಕ್ಕ ಅವರನ್ನು ಬೇರೆ ತೋಟದಲ್ಲಿ ಹುಡುಕಿದರು. ಬಸುರಿಯಲ್ಲಿ ಡೋಸ್ ಅಷ್ಟು ತಡವಾದರೆ ಮತ್ತೆ ಮೊದಲಿನಿಂದಲೇ ಶುರು. ಆ ನೋವನ್ನು ಅವರು ಇನ್ನೊಮ್ಮೆ ಪಡಬೇಕಾಗಿದ್ದು ನನ್ನ ಕೈಬರಹದಿಂದ. ಮೂರೂ ಇಂಜೆಕ್ಷನ್ ಮುಗಿಸಿದರು, ಗಂಡನಿಗೂ ಕೊಟ್ಟೆವು. ಮಗು ಆರೋಗ್ಯವಾಗಿ ಹುಟ್ಟಿತು. ಮುಂದೆ, ಮದ್ದು ಹಿಡಿದಿದೆಯಾ ಅಂತ ರಕ್ತದಲ್ಲಿ ನೋಡುವ ಪರೀಕ್ಷೆಯಲ್ಲಿ, ತಾಯಿಯ ಆರ್‌ಪಿಆರ್ 32ರಿಂದ 8ಕ್ಕೆ ಇಳಿಯಿತು. ಆ ರಿಪೋರ್ಟ್ ನೋಡಿದ ದಿನ ನಿಜಕ್ಕೂ ಉಸಿರು ಬಿಟ್ಟೆ.

ಅಲ್ಲಿಂದ ನಾನು ಹೆಸರು ಕೂಗಿಸುವುದಿಲ್ಲ, ಟೋಕನ್ ನಂಬರ್ ಮಾತ್ರ. ಚೀಟಿಯಲ್ಲಿ ರೋಗವನ್ನೂ ಬರೆಯುವುದಿಲ್ಲ. ರಾಷ್ಟ್ರೀಯ ಕಾರ್ಯಕ್ರಮದ ಮದ್ದಿನ ಕಿಟ್‌ಗಳಿಗೆ ಬಣ್ಣ ಇದೆ: ಉರಿಮೂತ್ರ, ಕೀವಿಗೆ ಬೂದು, ಹರ್ಪಿಸ್ ಹುಣ್ಣಿಗೆ ಕೆಂಪು, ಹೀಗೆ. ಅದನ್ನು ನಮ್ಮ ಕೋಣೆಯಲ್ಲೇ ಕೈಗೆ ಕೊಡುತ್ತೇವೆ.

ಗಂಡಸರು ಬಂದರೆ "ಹೀಟ್ ಆಗಿದೆ ಡಾಕ್ಟ್ರೇ" ಅಂತಾರೆ, ಅಷ್ಟೇ. ಮುಂದಿನ ಮಾತು ಬರಲು ಹತ್ತು ನಿಮಿಷ ಸುಮ್ನೆ ಕೂರಬೇಕು. ಮೊದಲು ಆ ತಾಳ್ಮೆ ನನಗಿರಲಿಲ್ಲ.

ಆಸ್ಪತ್ರೆಗೆ ಬಂದರೆ ತೋಟದವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೇ ಕಾಫಿ ಕೊಯ್ಲಿನ ಕಾಲದಲ್ಲಿ, ಸಂಜೆ ತೂಕ ಮುಗಿದ ಮೇಲೆ, ನಾವೇ ಹೋಗುತ್ತೇವೆ. ಬಿಪಿ, ಶುಗರ್ ಜೊತೆಗೇ, ಒಪ್ಪಿದವರಿಗೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ. ಯಾರು ಯಾವುದಕ್ಕೆ ಕೈ ಚಾಚಿದರು ಅಂತ ಪಕ್ಕದವರಿಗೂ ತಿಳಿಯುವುದಿಲ್ಲ. ಒಮ್ಮೆ ತೋಟದ ಲೆಕ್ಕ ಬರೆಯುವ ರೈಟರ್, "ಯಾರ್ಯಾರಿಗೆ ಇದೆ, ಲಿಸ್ಟ್ ಕೊಡಿ ಡಾಕ್ಟ್ರೇ" ಅಂದರು. ಕೊಡಲಿಲ್ಲ. ಒಪ್ಪಿಗೆಯಿಲ್ಲದೆ ಎಚ್‌ಐವಿ ವಿಷಯ ಹೊರಗೆ ಹೇಳುವುದನ್ನೂ, ಅದೇ ನೆಪದಲ್ಲಿ ಕೆಲಸದಿಂದ ತೆಗೆಯುವುದನ್ನೂ 2017ರ ಕಾಯ್ದೆ ತಡೆಯುತ್ತದೆ ಅಂತ ಕೂತು ವಿವರಿಸಿದೆ. ಅವರು ಸಿಟ್ಟಾಗಲಿಲ್ಲ. ಮುಂದಿನ ವಾರ ಅವರೇ ಪರೀಕ್ಷೆಗೆ ಬಂದರು.

ಶುಕ್ರವಾರ ಮಾತ್ರ ನಾನು ರಜೆ ಹಾಕುವುದಿಲ್ಲ. ಅವತ್ತು ಮಡಿಕೇರಿ ಸಂತೆ. ಪೇಟೆಗೆ ಯಾಕೆ ಹೋದೆ ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ ಅಲ್ವಾ? ತರಕಾರಿ ಚೀಲವನ್ನು ನನ್ನ ಮೇಜಿನ ಕೆಳಗಿಟ್ಟು ಕುರ್ಚಿ ಎಳೆದುಕೊಳ್ಳುತ್ತಾರೆ. ನಾನು ಎದ್ದು ಬಾಗಿಲು ಹಾಕಿ ಬರುತ್ತೇನೆ.