ಸುತ್ತಿಗೆ ಎತ್ತದೆ ಪುಲ್ಲಿ ಬಿಚ್ಚಿದ್ದು

ಬೆಳಗಾವಿಯ ಮಳೆಗಾಲದಲ್ಲಿ ಹಳೆಯ ಗಾಡಿಗಳ ಬೆಲ್ಟು ಬೆಳಿಗ್ಗೆ ಒಮ್ಮೆ ಕಿರುಚಿ ಸುಮ್ಮನಾಗುವುದು ಮಾಮೂಲು. ನನ್ನ ಡೀಸೆಲ್ ಜೀಪಿನದು ಸುಮ್ಮನಾಗುತ್ತಲೇ ಇರಲಿಲ್ಲ. ಹೊಸ ಬೆಲ್ಟ್ ಹಾಕಿದೆ, ಬಿಗಿ ಮಾಡಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಕ್ರ್ಯಾಂಕ್ ಪುಲ್ಲಿಯ, ಅಂದರೆ ಎಂಜಿನ್ನಿನ ತಿರುಗುವ ದಂಡದ ತುದಿಯಲ್ಲಿ ಕೂತು ಬೆಲ್ಟ್ ಓಡಿಸುವ ಗಾಲಿಯ, ನಡುವಿನ ಗುಂಬದಿಂದ ಹೊರಬಳೆಯವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಹತ್ತು ನಿಮಿಷ ಎಂಜಿನ್ ಓಡಿಸಿ ಆರಿಸಿದೆ. ಗೆರೆ ಎರಡು ತುಂಡಾಗಿತ್ತು. ಹೊರಬಳೆ ಎರಡು ಬೆರಳಿನಷ್ಟು ಹಿಂದೆ ಸರಿದಿತ್ತು. ಗುಂಬವನ್ನೂ ಬಳೆಯನ್ನೂ ಹಿಡಿದಿಡುವ ನಡುವಿನ ರಬ್ಬರ್ ಸತ್ತುಹೋಗಿತ್ತು.

ಅಂಗಡಿಯಲ್ಲಿ ಮೊದಲು ಕೈಗಿಟ್ಟದ್ದು ಹೊಳೆಯುವ ಅಲ್ಯೂಮಿನಿಯಂ ಪುಲ್ಲಿ. ಹಗುರ, ರಬ್ಬರೇ ಇಲ್ಲ, ಕೆಡುವ ಮಾತೂ ಇಲ್ಲ ಎಂದರು. ನಾನು ಒಪ್ಪಲಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನಿನ ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಲ ಒದೆ ತಿನ್ನುತ್ತದೆ. ಪ್ರತಿ ಒದೆಗೂ ಕಣ್ಣಿಗೆ ಕಾಣದಷ್ಟು ತಿರುಚಿಕೊಂಡು ಮತ್ತೆ ಸೆಟೆಯುತ್ತದೆ. ಆ ನಡುಕವನ್ನು ನುಂಗುವುದಕ್ಕೇ ರಬ್ಬರ್ ಇರುವುದು. ಅದನ್ನು ತೆಗೆದರೆ ಪುಲ್ಲಿ ಉಳಿದು ಕ್ರ್ಯಾಂಕ್ ಬಿರುಕು ಬಿಟ್ಟೀತು. ಬೇರೆ ತಯಾರಕರದಾದರೂ ರಬ್ಬರ್ ಇರುವ ಎರಕದ ಪುಲ್ಲಿಯನ್ನೇ ಕೊಂಡೆ.

ಭಾನುವಾರ ಬ್ಯಾಟರಿಯ ತಂತಿ ಕಳಚಿ, ರೇಡಿಯೇಟರ್ ಮತ್ತು ಫ್ಯಾನ್ ಇಳಿಸಿದೆ. ನಡುವಿನ ಬೋಲ್ಟ್ ಬಿಚ್ಚಲು ಪಾನಾದ ಹಿಡಿಯನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ಒಮ್ಮೆ ಹೊಡೆಯಿರಿ ಎಂದು ಪರಿಚಿತ ಮೆಕ್ಯಾನಿಕ್ ಹೇಳಿದ್ದರು. ಹಿಡಿ ಜಾರಿದರೆ ಎತ್ತ ಹಾರುತ್ತದೋ ದೇವರೇ ಬಲ್ಲ. ಆ ದಾರಿ ಬಿಟ್ಟು, ಜೀಪನ್ನು ಟಾಪ್ ಗೇರಿಗೆ ಹಾಕಿ, ಗಾಲಿಗಳಿಗೆ ಕಲ್ಲು ಕೊಟ್ಟು, ತಮ್ಮನನ್ನು ಬ್ರೇಕ್ ಮೇಲೆ ನಿಲ್ಲಿಸಿದೆ. ಹಿಡಿಗೆ ಉದ್ದನೆಯ ನೀರಿನ ಪೈಪ್ ತೊಡಿಸಿ ಎಳೆದಾಗ ಬೋಲ್ಟ್ 'ಟಕ್' ಎಂದು ಸಡಿಲವಾಯಿತು.

ಪುಲ್ಲಿ ಮಾತ್ರ ಅಲುಗಲಿಲ್ಲ. ಇಲ್ಲಿಯೇ ಎಲ್ಲರ ಕೈಯೂ ಸುತ್ತಿಗೆಯತ್ತ ಹೋಗುವುದು. ಹೊಡೆದ ಏಟು ಪುಲ್ಲಿಯಲ್ಲಿ ನಿಲ್ಲುವುದಿಲ್ಲ, ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಒಳಗಿನ ಥ್ರಸ್ಟ್ ಬೇರಿಂಗಿಗೆ ಹೋಗುತ್ತದೆ. ಹೊರಬಳೆಗೆ ಹಾರೆ ಕೊಟ್ಟು ಮೀಟಿದರೆ ಬಳೆಯಷ್ಟೇ ಕೈಗೆ ಬರುತ್ತದೆ. ಪುಲ್ಲಿಯನ್ನು ಎಳೆದು ತೆಗೆಯುವ ಪುಲ್ಲರ್ ನನ್ನಲ್ಲಿರಲಿಲ್ಲ, ಆದರೆ ಅನಗೋಳದಲ್ಲಿ ಮನೆ ಇರುವವನಿಗೆ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗ ಹಿತ್ತಲಿದ್ದಂತೆ. ಹಿಂದಿನ ದಿನವೇ ಅಲ್ಲಿನ ಒಂದು ಲೇತ್ ಅಂಗಡಿಯ ಗುಜರಿಯಿಂದ 12 ಮಿ.ಮೀ. ದಪ್ಪದ ಪಟ್ಟಿ ಆರಿಸಿ, ಎರಡು ತೂತು ಕೊರೆಸಿ ತಂದಿದ್ದೆ. ಪುಲ್ಲಿಯ ಗುಂಬದಲ್ಲಿ ಬೋಲ್ಟ್ ತಿರುಗಿಸಿ ಕೂರಿಸುವ ತಿರುಪುಗೆರೆ ಇರುವ ಎರಡು ತೂತುಗಳಿದ್ದವು. ನಡುವಿನ ಬೋಲ್ಟನ್ನು ನಾಲ್ಕು ಸುತ್ತು ಹೊರಗೆ ಬಿಟ್ಟು, ಅದರ ತಲೆಗೆ ಪಟ್ಟಿ ಆನಿಸಿ, 8 ಮಿ.ಮೀ.ನ ಎರಡು ಬೋಲ್ಟುಗಳನ್ನು ಆ ತೂತುಗಳಿಗೆ ಇಳಿಸಿದೆ. ಎಡಗಡೆಯ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿದೆ, ಬಲಗಡೆಯದನ್ನು ಕಾಲು ಸುತ್ತು. ಆರೇಳು ಸರದಿಯಾದ ಮೇಲೆ ಪುಲ್ಲಿ ನಿಟ್ಟುಸಿರು ಬಿಟ್ಟಂತೆ ಮುಂದೆ ಸರಿಯಿತು. ಪುಲ್ಲಿ ಕ್ರ್ಯಾಂಕಿನ ಮೇಲೆ ಜಾರದಂತೆ ಹಿಡಿಯುವ ಅರ್ಧಚಂದ್ರದ ಕೀಲಿಯೂ ಅದರೊಡನೆ ಬಿದ್ದು, ಅದನ್ನು ಹುಡುಕಲು ಅರ್ಧ ಗಂಟೆ ಹೋಯಿತು.

ಎರಡು ಪುಲ್ಲಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೊರವ್ಯಾಸ, ಬೆಲ್ಟಿನ ಕಾಲುವೆಯ ಸಾಲು ಒಂದೇ. ಹೊಸದರಲ್ಲಿ ಕೀಲಿ ಕೂರುವ ಸೀಳಿನಲ್ಲಿ ಬಣ್ಣ ಹೆಪ್ಪುಗಟ್ಟಿತ್ತು; ನಯವಾದ ಅರದಿಂದ ತೆಗೆದೆ. ಎಣ್ಣೆ ಸೋರದಂತೆ ತಡೆಯುವ ಸೀಲಿನ ತುಟಿಗೆ ಎಂಜಿನ್ ಆಯಿಲ್ ಸವರಿದೆ. ಬಳಿಕ ಪುಲ್ಲಿಯನ್ನು ಕುದಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಟ್ಟೆ. 30 ಮಿ.ಮೀ. ರಂಧ್ರ ಇದರಿಂದ ಹಿಗ್ಗುವುದು ಸುಮಾರು 0.025 ಮಿ.ಮೀ. ಅಷ್ಟೇ, ಕೂದಲೆಳೆಗಿಂತ ಕಡಿಮೆ. ಆದರೂ ಕೈಯಿಂದ ಒತ್ತಿದರೆ ಕೂರಲು ಅಷ್ಟು ಸಾಕಾಯಿತು. ಬೆಂಕಿಗೆ ನೇರವಾಗಿ ಹಿಡಿದಿದ್ದರೆ ಹೊಸ ರಬ್ಬರೂ ಸುಡುತ್ತಿತ್ತು.

ನಡುವಿನ ಬೋಲ್ಟಿಗೆ ಕೈಪಿಡಿ ಕೇಳಿದ್ದು 180 ನ್ಯೂಟನ್ ಮೀಟರ್ ಬಿಗಿ. ಟಾರ್ಕ್ ಪಾನಾ ಇಲ್ಲ, ಚೀಲ ತೂಗುವ ಕೊಕ್ಕೆಯ ತಕ್ಕಡಿ ಇತ್ತು. ಬೋಲ್ಟಿನ ನಡುವಿನಿಂದ ಸರಿಯಾಗಿ ಒಂದು ಮೀಟರ್ ಅಳೆದು, ಪೈಪಿಗೆ ಕೊಕ್ಕೆ ಹಾಕಿ, ತಕ್ಕಡಿ ಹದಿನೆಂಟೂವರೆ ಕಿಲೋ ತೋರಿಸುವವರೆಗೆ ಎಳೆದೆ. ಪೈಪ್ ನೆಟ್ಟಗೆ ಮೇಲ್ಮುಖವಾಗಿರಬೇಕು, ಎಳೆತ ಅದಕ್ಕೆ ಅಡ್ಡಲಾಗಿರಬೇಕು. ಇಲ್ಲದಿದ್ದರೆ ಪೈಪಿನ ತೂಕವೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಕೊನೆಗೆ ಹೆಂಡತಿಯ ಉಗುರುಬಣ್ಣದಿಂದ ಬೋಲ್ಟಿನ ತಲೆಯಿಂದ ಹೊರಬಳೆಯವರೆಗೆ ಕೆಂಪು ಗೆರೆ ಎಳೆದೆ. ಮುಂದಿನ ವಾರ ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ಹೋಗಿ, ಮತ್ತೆ ಹತ್ತಿ ಬಂದು, ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಗೆರೆ ಒಂದೇ ಆಗಿತ್ತು.