ಘಟ್ಟದ ಮೇಲಿನ ತರಗತಿಗೆ ಉಪ್ಪುನೀರಿನ ಅಕ್ವೇರಿಯಂ

ಶಾಲೆಯ ಮೂಲೆಯಲ್ಲೊಂದು ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕು ಗೋಲ್ಡ್ ಫಿಶ್. ಇದು ಮಲೆನಾಡಿಗೂ ಹೊಸತಲ್ಲ. ಸಮುದ್ರದ ಮೀನು ಸಾಕೋಣ ಅಂದರೆ ಮಾತ್ರ ಎಲ್ಲರೂ ಹಿಂದೆ ಸರಿಯುತ್ತಾರೆ. ಘಟ್ಟ ಇಳಿದು ಸಮುದ್ರದ ನೀರು ಹೊತ್ತು ತರಬೇಕಾ ಎಂದು ಕೇಳುತ್ತಾರೆ. ಬೇಡ. ಅದಕ್ಕೆಂದೇ ಮಾಡಿದ ಉಪ್ಪಿನ ಮಿಶ್ರಣ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಶಿವಮೊಗ್ಗ ಜಿಲ್ಲೆಯ ಶಾಲೆಗೆ ನಿಜವಾದ ತಲೆನೋವು ಉಪ್ಪಲ್ಲ, ಕರೆಂಟು ಮತ್ತು ರಜೆ. ಈ ಎರಡಕ್ಕೂ ದಾರಿ ಮಾಡಿಕೊಳ್ಳದೆ ತೊಟ್ಟಿ ಕೊಳ್ಳಲು ಹೋಗಬೇಡಿ.

ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅಂತ ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಕಡಿಮೆ ಆಕ್ಸಿಜನ್ ಕರಗುತ್ತದೆ. ಪಂಪು ನಿಂತು ನೀರು ಅಲುಗದೆ ಇದ್ದರೆ ಮೀನು ಮೇಲಕ್ಕೆ ಬಂದು ಬಾಯಿ ತೆರೆಯಲು ಶುರು ಮಾಡುತ್ತದೆ. ಕಂಪ್ಯೂಟರ್ ಕೋಣೆಯ ಯುಪಿಎಸ್‌ನಿಂದ ಒಂದು ಲೈನ್ ಎಳೆಸಿದರೆ ಅರ್ಧ ಚಿಂತೆ ಹೋಯಿತು. ಏರ್ ಪಂಪಿಗೆ ಬೇಕಾಗುವುದು ಕೆಲವೇ ವ್ಯಾಟ್. ಅದಾಗದಿದ್ದರೆ ಬ್ಯಾಟರಿ ಹಾಕುವ ಏರ್ ಪಂಪೊಂದನ್ನು ತೊಟ್ಟಿಯ ಪಕ್ಕದಲ್ಲೇ ಇಟ್ಟಿರಿ. ಕರೆಂಟು ಹೋದಾಗ ಮೀನಿಗೆ ತಿಂಡಿ ಹಾಕಬೇಡಿ. ಏನೂ ಇಲ್ಲದ ಹೊತ್ತಿನಲ್ಲಿ ಒಂದು ಮಗ್ಗಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಸುರಿಯುತ್ತಿದ್ದರೂ ಆಗುತ್ತದೆ.

ರಜೆಯ ವಿಷಯ ಇನ್ನೂ ನೇರ. ದಸರಾ ರಜೆ, ಬೇಸಿಗೆ ರಜೆಯಲ್ಲಿ ದಿನಕ್ಕೊಮ್ಮೆ ಬಂದು ನೋಡುವವರು ಯಾರು? ಶಾಲೆಗೆ ಹತ್ತಿರ ಮನೆ ಇರುವ ಒಬ್ಬರು ಒಪ್ಪಿಕೊಳ್ಳಬೇಕು. ಎಲ್ಲರೂ ಸೇರಿ ನೋಡಿಕೊಳ್ಳುತ್ತೇವೆ ಅಂದರೆ ಯಾರೂ ನೋಡುವುದಿಲ್ಲ, ಅಲ್ವಾ? ನನ್ನ ಸಲಹೆ ಕೇಳಿದರೆ ದಸರಾ ರಜೆ ಮುಗಿದ ಮೇಲೆ ಕೆಲಸ ಶುರು ಮಾಡಿ. ಮಳೆಯ ಗಲಾಟೆ ಮುಗಿದಿರುತ್ತದೆ. ಡಿಸೆಂಬರ್ ಹೊತ್ತಿಗೆ ಮೀನು ಬಿಡಬಹುದು. ಬೇಸಿಗೆ ರಜೆ ಬರುವಷ್ಟರಲ್ಲಿ ತೊಟ್ಟಿಯೂ ಹದಕ್ಕೆ ಬಂದಿರುತ್ತದೆ, ನೋಡಿಕೊಳ್ಳುವವರ ಕೈಯೂ ಪಳಗಿರುತ್ತದೆ.

ತೊಟ್ಟಿ ಎಲ್ಲಿ, ಎಷ್ಟು ದೊಡ್ಡದು?

2 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರ ಸಾಕು. ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದು ಸುಲಭ ಅಂದುಕೊಳ್ಳುವವರೇ ಜಾಸ್ತಿ. ಇರುವುದು ಉಲ್ಟಾ. ನೀರು ಕಡಿಮೆ ಇದ್ದಷ್ಟೂ ಉಪ್ಪು, ಶಾಖ, ಕೊಳೆ ಎಲ್ಲವೂ ಬೇಗ ಏರುಪೇರಾಗುತ್ತವೆ.

ನೀರು, ಗಾಜು, ಮರಳು ಸೇರಿ 80 ಕಿಲೋ ಹತ್ತಿರ ಬರುತ್ತದೆ. ತರಗತಿಯ ಡೆಸ್ಕು ಇದನ್ನು ತಡೆಯುವುದಿಲ್ಲ. ಇಟ್ಟಿಗೆಯ ಎರಡು ಕಂಬ ಕಟ್ಟಿಸಿ ಮೇಲೆ ಕಡಪ ಕಲ್ಲು ಹಾಸಿ. ರಸಮಟ್ಟ ಇಟ್ಟು ನೋಡಿ, ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಳೆ ಹಾಕಿ. ಕಿಟಕಿಯ ಬಿಸಿಲು ನೇರ ಬೀಳುವ ಜಾಗ ಬೇಡ, ಪಾಚಿ ಕಟ್ಟುತ್ತದೆ. ಹಂಚಿನ ಮಾಡು ಸೋರುವ ಜಾಗವೂ ಬೇಡ.

ಉಪ್ಪುನೀರು ಮತ್ತು ವಿದ್ಯುತ್ ಒಟ್ಟಿಗೆ ಇರುವುದರಿಂದ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಇಎಲ್‌ಸಿಬಿ ಹಾಕಿಸಿ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮತ್ತೆ ಮೇಲೆ ಹೋಗುವಂತಿರಲಿ. ವೈರಿನ ಗುಂಟ ಇಳಿದ ನೀರು ಆಗ ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ನೀರಿಗೆ ಕೈ ಹಾಕುವ ಮುಂಚೆ ಎಲ್ಲ ಸ್ವಿಚ್ಚೂ ಆಫ್. ಸ್ವಿಚ್ಚು ಮುಟ್ಟುವುದು ಶಿಕ್ಷಕರು ಮಾತ್ರ.

ಸಾಮಾನು ಜಾಸ್ತಿ ಬೇಡ. ಸ್ಪಂಜ್ ಫಿಲ್ಟರ್, ಅದಕ್ಕೊಂದು ಏರ್ ಪಂಪು, ನೀರು ತಿರುಗಿಸಲು ಚಿಕ್ಕ ವೇವ್ ಮೇಕರ್, 100 ವ್ಯಾಟ್ ಹೀಟರ್, ಥರ್ಮಾಮೀಟರ್, ಸಾಧಾರಣ ಎಲ್‌ಇಡಿ ದೀಪ. ದುಡ್ಡು ಉಳಿದರೆ ದೀಪಕ್ಕೆ ಸುರಿಯಬೇಡಿ, ನೀರಿನ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಮತ್ತು ಅಮೋನಿಯ, ನೈಟ್ರೈಟ್, ನೈಟ್ರೇಟ್ ನೋಡುವ ಒಳ್ಳೆಯ ಟೆಸ್ಟ್ ಕಿಟ್ ಕೊಳ್ಳಿ.

ನೀರು, ಉಪ್ಪು, ಮೈಲುತುತ್ತ

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮ್ಮ ಕಡೆಯ ಎಷ್ಟೋ ಬಾವಿಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ. ಆದ್ದರಿಂದ ಆರ್‌ಒ ನೀರೇ ವಾಸಿ. ಮಾಡಿನಿಂದ ಇಳಿಯುವ ಮಳೆ ನೀರು ಪುಕ್ಕಟೆ ಸಿಗುತ್ತದೆ ನಿಜ. ಆದರೆ ಅಡಿಕೆ ತೋಟದ ನಡುವಿನ ಶಾಲೆಯಾದರೆ ಅದರ ಆಸೆ ಬಿಡಿ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರ. ಸಮುದ್ರದ ಬಸವನಹುಳು, ಏಡಿ, ಸೀಗಡಿಗಳಿಗೆ ತಾಮ್ರ ಒಂಚೂರು ಬಿದ್ದರೂ ವಿಷ. ಮನೆಯಿಂದ ಡ್ರಮ್ಮು, ಬಕೆಟ್ಟು ತರಿಸುವಾಗ ಇದನ್ನು ಕೇಳಲೇಬೇಕು. ಒಮ್ಮೆ ಮೈಲುತುತ್ತ ಕಲೆಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ನಂಬುವ ಹಾಗಿಲ್ಲ. ಹೊಸ ಪ್ಲಾಸ್ಟಿಕ್ ಬಕೆಟ್ ಎರಡು ಕೊಂಡು ಮೇಲೆ 'ಅಕ್ವೇರಿಯಂ' ಅಂತ ದೊಡ್ಡದಾಗಿ ಬರೆದುಬಿಡಿ. ಇಲ್ಲದಿದ್ದರೆ ನೆಲ ಒರೆಸಲು ಫಿನಾಯಿಲ್ ಅದರಲ್ಲೇ ಬೀಳುತ್ತದೆ.

ಅಡುಗೆ ಉಪ್ಪು ನಡೆಯುವುದಿಲ್ಲ. ಕಲ್ಲುಪ್ಪೂ ಇಲ್ಲ. ಅದು ಬಹುಪಾಲು ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಸಲ್ಫೇಟ್ ಎಲ್ಲ ಇರಬೇಕು. ಮಿಶ್ರಣದ ಉಪ್ಪಾದರೆ ಲೀಟರಿಗೆ ಸುಮಾರು 35 ಗ್ರಾಂ. 60 ಲೀಟರಿಗೆ 2 ಕಿಲೋ ಮೇಲೆ 100 ಗ್ರಾಂ. ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಗಾಳಿ ಬಿಟ್ಟು ರಾತ್ರಿಯಿಡೀ ಕಲಕಲು ಇಡಿ. ಉಳಿದ ಉಪ್ಪನ್ನು ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಿ. ಆಷಾಢದ ತೇವಕ್ಕೆ ತೆರೆದ ಪ್ಯಾಕೆಟ್ ಕಲ್ಲಾಗಿಬಿಡುತ್ತದೆ.

ಮಾರನೆಯ ದಿನ ಅಳತೆ. ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಮುಚ್ಚಳವನ್ನು ಗುಳ್ಳೆ ಬಾರದಂತೆ ಮೆಲ್ಲಗೆ ಮುಚ್ಚಿ, ಬೆಳಕಿಗೆ ಹಿಡಿದು ಒಂದೇ ಕಣ್ಣಿನಲ್ಲಿ ನೋಡಬೇಕು. ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಉಪ್ಪಿನ ಅಳತೆಯಲ್ಲಿ 35ರ ಹತ್ತಿರ, ಪಕ್ಕದ ಸಾಪೇಕ್ಷ ಸಾಂದ್ರತೆಯ ಅಳತೆಯಲ್ಲಿ 1.025ರಿಂದ 1.026ರ ನಡುವೆ ನಿಂತರೆ ಸರಿ. ಅದಕ್ಕೂ ಮುಂಚೆ ಶುದ್ಧ ನೀರಿನ ಹನಿ ಬಿಟ್ಟು ಗೆರೆ ಸೊನ್ನೆಯಲ್ಲಿದೆಯಾ ನೋಡಿಕೊಳ್ಳಿ. ತರಗತಿಯ ಎಲ್ಲರಿಗೂ ಇಣುಕಬೇಕು ಅನ್ನಿಸುತ್ತದೆ. ಇಣುಕಲಿ. ಒಂದು ಪೀರಿಯಡ್ ಅದಕ್ಕೇ ಹೋದರೂ ನಷ್ಟವಿಲ್ಲ.

ತೊಟ್ಟಿಯ ಗಾಜಿಗೆ ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ನೀರಿಗೆ ದಿನಾ ಸೇರಿಸಬೇಕಾದದ್ದು ಸಿಹಿನೀರು, ಉಪ್ಪುನೀರಲ್ಲ. ಇದನ್ನು ಹೊಸಬರು ತಪ್ಪಿ ಮಾಡಿ ಮಾಡಿ ತೊಟ್ಟಿಯನ್ನು ಉಪ್ಪಿನಕಾಯಿ ಮಾಡಿಬಿಡುತ್ತಾರೆ. ಏಪ್ರಿಲ್‌ನಲ್ಲಿ ಮಟ್ಟ ಬೇಗ ಇಳಿಯುತ್ತದೆ, ಜುಲೈನಲ್ಲಿ ಇಳಿದದ್ದೇ ತಿಳಿಯುವುದಿಲ್ಲ. ಮಕ್ಕಳು ಗ್ರಾಫ್ ಬರೆಯಲಿ. ಸಮುದ್ರಕ್ಕೆ ಉಪ್ಪು ಎಲ್ಲಿಂದ ಬಂತು ಅನ್ನುವ ಪಾಠವನ್ನೂ ಇಲ್ಲೇ ಮಾಡಬಹುದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ತಾಲ್ಲೂಕಿನಲ್ಲಿ ಹರಿಯುವ ತುಂಗೆ ಕೂಡ್ಲಿಯಲ್ಲಿ ಭದ್ರೆಯ ಜೊತೆಯಾಗಿ, ಮುಂದೆ ಕೃಷ್ಣೆಯ ಪಾಲಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡೂ ನಮ್ಮ ಬಂಡೆಗಳಿಂದ ಕರಗಿಸಿದ ಲವಣವನ್ನು ಒಯ್ಯುತ್ತವೆ. ಅಲ್ಲಿ ನೀರು ಮೋಡವಾಗಿ ವಾಪಸ್ ಬರುತ್ತದೆ, ಲವಣ ಬರುವುದಿಲ್ಲ.

ತಳಕ್ಕೆ ಅರಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಮರಳು ಹಾಕಿ. ಅದು ಪಿಎಚ್ 8.1ರಿಂದ 8.4ರ ನಡುವೆ ನಿಲ್ಲಲು ನೆರವಾಗುತ್ತದೆ. ಹೊಳೆ ಮರಳಿಗೆ ಆ ಗುಣವಿಲ್ಲ. ಹವಳದ ಕಲ್ಲು ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಹವಳ, ಕಡಲಕುದುರೆ, ಕಡಲಸೌತೆ ಇವಕ್ಕೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸೆರಾಮಿಕ್ ಕಲ್ಲುಗಳು ಸಾಕು.

ಸಾರ್, ಮೀನು ಯಾವಾಗ?

ತೊಟ್ಟಿ ತುಂಬಿದ ದಿನದಿಂದಲೇ ಈ ಪ್ರಶ್ನೆ ಶುರು. 4ರಿಂದ 6 ವಾರ ಬಿಟ್ಟು ಅಂತ ಮೊದಲೇ ಹೇಳಿಬಿಡಿ.

ಮೀನಿನ ಹೊಲಸಿನಿಂದ ಅಮೋನಿಯ ಬರುತ್ತದೆ. ಅದು ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ. ಅದೂ ಒಳ್ಳೆಯದಲ್ಲ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇದು ಸ್ವಲ್ಪ ಮಟ್ಟಿಗೆ ಇದ್ದರೆ ಮೀನು ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾಗಳು ಸ್ಪಂಜು, ಮರಳು, ಕಲ್ಲಿನ ಮೇಲೆ ಬೆಳೆಯಲು ಸಮಯ ಬೇಕು, ಜೊತೆಗೆ ಅವಕ್ಕೆ ಊಟ ಬೇಕು. ಮಾರ್ಕೆಟ್ಟಿನಿಂದ ಒಂದು ಹಸಿ ಸೀಗಡಿ ತಂದು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಇಳಿಬಿಡಿ. ಎರಡು ಮೂರು ದಿನ ಕೊಳೆತ ಮೇಲೆ ತೆಗೆಯಿರಿ. ತರಗತಿಯಲ್ಲಿ ಆ ವಾಸನೆ ಬೇಡ, ಅಥವಾ ಶಾಲೆಗೆ ಸೀಗಡಿ ತರುವುದೇ ಬೇಡ ಅನ್ನುವವರಿದ್ದರೆ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿದರೂ ನಡೆಯುತ್ತದೆ. ಸ್ವಲ್ಪ ನಿಧಾನ, ಅಷ್ಟೇ.

ವಾರಕ್ಕೆ ಎರಡು ಸಲ ಟೆಸ್ಟ್ ಮಾಡಿ. ಸಾಮಾನ್ಯವಾಗಿ ಸಿಗುವ ಅಮೋನಿಯ ಕಿಟ್ಟಿನಲ್ಲಿ ಹಳದಿ ಅಂದರೆ ಸೊನ್ನೆ, ಹಸಿರು ಏರಿದಷ್ಟೂ ಅಮೋನಿಯ ಜಾಸ್ತಿ. ಕಿಟ್ಟಿನ ಹನಿ ಹಾಕುವುದು ದೊಡ್ಡವರು, ಬಣ್ಣ ಹೋಲಿಸಿ ಬರೆಯುವುದು ಮಕ್ಕಳು. ಮೊದಲು ಅಮೋನಿಯ ಏರಿ ಇಳಿಯುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಕೊನೆಗೆ ಎರಡೂ ಸೊನ್ನೆ, ನೈಟ್ರೇಟ್ ಮಾತ್ರ ಉಳಿಯುತ್ತದೆ. ಆಗ ಇನ್ನೊಂದು ಚಿಟಿಕೆ ತಿಂಡಿ ಹಾಕಿ ಒಂದೆರಡು ದಿನ ನೋಡಿ. ಎರಡೂ ಸೊನ್ನೆಯಲ್ಲೇ ನಿಂತಿದ್ದರೆ ತೊಟ್ಟಿ ತಯಾರು. ಈ ನಡುವೆ ಗಾಜು, ಮರಳಿನ ಮೇಲೆ ಕಂದು ಬಣ್ಣದ ಧೂಳಿನಂಥ ಪಾಚಿ ಬರುತ್ತದೆ. ಹೆದರಬೇಡಿ, ತಾನಾಗಿ ಹೋಗುತ್ತದೆ.

ಮೀನು ಎರಡೇ ಎರಡು. ಕ್ಲೌನ್ ಫಿಶ್ ಜೋಡಿ. ಗಟ್ಟಿ ಜೀವ, ಸಣ್ಣ ತೊಟ್ಟಿಗೆ ಒಗ್ಗುತ್ತದೆ. ಮುಖ್ಯವಾಗಿ, ಇದನ್ನು ಸಮುದ್ರದಿಂದ ಹಿಡಿಯದೆ ಸಾಕಣೆಯಲ್ಲೇ ಮರಿ ಮಾಡಿಸುತ್ತಾರೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ಆ ಕೆಲಸ ಮಾಡಿ ತೋರಿಸಿದೆ. ಅಂಗಡಿಯವರನ್ನು ಸಾಕಣೆಯ ಮರಿಯೇ ಅಂತ ಕೇಳಿ ತನ್ನಿ. ಕ್ಲೌನ್ ಫಿಶ್ ಮೊದಲು ಗಂಡಾಗಿ ಬೆಳೆಯುತ್ತದೆ, ಜೋಡಿಯಲ್ಲಿ ಜೋರಿನದು ಹೆಣ್ಣಾಗುತ್ತದೆ. ಹತ್ತನೇ ತರಗತಿಯ ಜೀವಶಾಸ್ತ್ರದ ಮೇಷ್ಟ್ರಿಗೆ ಇದು ಒಳ್ಳೆಯ ಸರಕು. ನೀಲಿ ಟ್ಯಾಂಗ್ ಬೇಕು ಅಂತ ಮಕ್ಕಳು ಹಟ ಹಿಡಿಯುತ್ತಾರೆ. ಅದು ಒಂದಡಿ ಬೆಳೆಯುವ ಮೀನು, 2 ಅಡಿ ತೊಟ್ಟಿಗೆ ತರುವುದು ಅನ್ಯಾಯ. ತಿಂಗಳ ಮೇಲೆ ಬೇಕಾದರೆ ಪಾಚಿ ತಿನ್ನುವ ಒಂದೆರಡು ಬಸವನಹುಳು ಬಿಡಿ.

ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಮೀನು ಬಂದ ಕೂಡಲೇ ಚೀಲ ಬಿಚ್ಚಬೇಡಿ. 20 ನಿಮಿಷ ತೊಟ್ಟಿಯ ಮೇಲೆ ತೇಲಲು ಬಿಡಿ. ಆಮೇಲೆ ಬಕೆಟ್ಟಿಗೆ ಹಾಕಿ, ಗಂಟು ಹಾಕಿದ ಸಣ್ಣ ಪೈಪಿನಿಂದ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಅರ್ಧ ಗಂಟೆ ಸೇರಿಸಿ. ಮೀನನ್ನು ಮಾತ್ರ ತೊಟ್ಟಿಗೆ ಬಿಡಿ, ಚೀಲದ ನೀರು ಬೇಡ. ಅವತ್ತು ದೀಪ ಆರಿಸಿಡಿ.

ಆಮೇಲಿನ ದಿನಚರಿ

ತಿಂಡಿ ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಯಾರ ಸರದಿ ಅಂತ ಗೋಡೆಗೆ ಪಟ್ಟಿ ಅಂಟಿಸಿ, ತಿಂಡಿಯ ಡಬ್ಬ ಬೀರುವಿನಲ್ಲಿ ಬೀಗ ಹಾಕಿಡಿ. ಇಲ್ಲದಿದ್ದರೆ ಪಾಪ ಹಸಿದಿದೆ ಅಂತ ಮಂಡಕ್ಕಿ, ಬಿಸ್ಕೆಟ್ ಎಲ್ಲ ಬೀಳುತ್ತದೆ. ಎರಡು ದಿನದ ರಜೆಗೆ ತಿಂಡಿ ಇಲ್ಲದಿದ್ದರೂ ಮೀನಿಗೆ ಏನೂ ಆಗುವುದಿಲ್ಲ.

ಶಾಖ 25-26 ಡಿಗ್ರಿ ಇರಲಿ. ಚಳಿಗಾಲದ ರಾತ್ರಿ ಹೀಟರ್ ದುಡಿಯುತ್ತದೆ. ಶಿವಮೊಗ್ಗ ಪೇಟೆಯ ಏಪ್ರಿಲ್ ಬಿಸಿಗೆ ನೀರಿನ ಮೇಲೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆಗ ಸಿಹಿನೀರು ಜಾಸ್ತಿ ಸೇರಿಸಬೇಕಾಗುತ್ತದೆ.

ವಾರಕ್ಕೊಮ್ಮೆ 6 ಲೀಟರ್ ನೀರು ತೆಗೆದು, ಹಿಂದಿನ ದಿನವೇ ಕಲೆಸಿಟ್ಟ ಹೊಸ ಉಪ್ಪುನೀರು ಹಾಕಿ. ಅದಕ್ಕೆ ಸುಮಾರು 210 ಗ್ರಾಂ ಉಪ್ಪು ಬೇಕು. ಹೊಸ ನೀರಿನ ಶಾಖವೂ ತೊಟ್ಟಿಯಷ್ಟೇ ಇರಲಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಹಿಂಡಿ. ನಲ್ಲಿಯ ಕೆಳಗೆ ತೊಳೆದರೆ ಅಷ್ಟು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತವೆ. ಸ್ಯಾನಿಟೈಸರ್ ಹಚ್ಚಿದ ಕೈ, ಸೋಪಿನ ಕೈ ನೀರಿಗೆ ಹೋಗಬಾರದು. ಅಂಚಿನಲ್ಲಿ ಕಟ್ಟುವ ಬಿಳಿ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ.

ತೆಗೆದ ಆ 6 ಲೀಟರನ್ನು ಶಾಲೆಯ ಕೈತೋಟಕ್ಕೆ ಮಾತ್ರ ಸುರಿಯಬೇಡಿ. ಬದನೆ, ಬಸಳೆ, ದಾಸವಾಳ ಯಾವುದೂ ಆ ಉಪ್ಪಿಗೆ ಉಳಿಯುವುದಿಲ್ಲ. ಶೌಚಾಲಯಕ್ಕೆ ಹಾಕಿ, ಮೇಲೆ ಒಂದು ಬಕೆಟ್ ನೀರು ಬಿಡಿ.